ಸ್ಟಿಕರ್ ಮೇಲೆ 100 ವ್ಯಾಟ್, ಬಿಸಿಲಲ್ಲಿ ಅರ್ಧವೂ ಇಲ್ಲ

ಕೊಪ್ಪಳದ ಕಡೆ ಝಟಕಾ ಮಷೀನಿಗೆ (ಬೇಲಿ ತಂತಿಗೆ ಶಾಕ್ ಕೊಡುವ ಮಷೀನು) ಸಣ್ಣ ಸೋಲಾರ್ ಪ್ಯಾನೆಲ್ ತಗೊಳ್ಳುವವರು ಸ್ವಲ್ಪ ಹುಷಾರಾಗಿರಿ. ಮೆಕ್ಕೆಜೋಳಕ್ಕೆ ಹಂದಿ ಕಾಟ ಜಾಸ್ತಿ ಅಂತ ಹೊಲದ ಸುತ್ತ ತಂತಿ ಬೇಲಿ ಹಾಕಿಸಿದ್ದೆ. ಬ್ಯಾಟರಿ ಚಾರ್ಜ್ ಮಾಡೋಕೆ ಪೇಟೆಯ ಒಂದು ಅಂಗಡಿಯಲ್ಲಿ ಪ್ಯಾನೆಲ್ ತಂದೆ. ಹಿಂದೆ ಸ್ಟಿಕರ್: 100 ವ್ಯಾಟ್, ಮೋನೋ (ಹೆಚ್ಚು ಕರೆಂಟ್ ಕೊಡುವ ಜಾತಿಯ ಪ್ಯಾನೆಲ್), 25 ವರ್ಷ ವಾರಂಟಿ. ಮೀಟರ್ ಹಚ್ಚಿ 21 ವೋಲ್ಟ್ ಬರೋದನ್ನೂ ತೋರಿಸಿದರು.

ಬೇಲಿ ಮಾತ್ರ ನಡುರಾತ್ರಿಗೇ ಸತ್ತು ಹೋಗುತ್ತಿತ್ತು. ಹಂದಿಗಳಿಗೆ ಇಂಥದ್ದು ಬೇಗ ಗೊತ್ತಾಗುತ್ತದೆ. ಒಂದು ಮೂಲೆಯ ಬೆಳೆ ಪೂರ್ತಿ ನೆಲಕಚ್ಚಿತು.

ಅಂಗಡಿಯವರನ್ನು ಕೇಳಿದರೆ "ನಮ್ಮ ಕಡೆ ಬಿಸಿಲು ಜಾಸ್ತಿ ಅಣ್ಣಾ, ಕಾದರೆ ಕರೆಂಟ್ ಕಡಿಮೆ ಬರ್ತದ" ಅಂದರು. ಇದು ಅರ್ಧ ಸತ್ಯ. ಸ್ಟಿಕರ್ ಮೇಲಿನ ವ್ಯಾಟ್ ಲೆಕ್ಕ 25 ಡಿಗ್ರಿಯದು. ಅದರ ಮೇಲೆ ಪ್ಯಾನೆಲ್ ಪ್ರತಿ ಡಿಗ್ರಿ ಕಾದ ಹಾಗೆ ಸುಮಾರು 0.4 ಶೇಕಡಾ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಪ್ಯಾನೆಲ್ 65 ಡಿಗ್ರಿಗೆ ಹೋದರೂ ನಷ್ಟ 16 ಶೇಕಡಾ ಅಷ್ಟೇ. ಅದೂ ಇಳಿಯೋದು ವೋಲ್ಟ್, ಆಂಪಿಯರ್ ಅಲ್ಲ.

ಅದಕ್ಕೆ ಆಂಪಿಯರ್ ನೋಡಬೇಕು. ಬರೀ ವೋಲ್ಟ್ ಅಂದರೆ 10 ವ್ಯಾಟಿನ ಪ್ಯಾನೆಲ್ ಕೂಡ 21 ತೋರಿಸುತ್ತದೆ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಪ್ಯಾನೆಲ್ಲಿನ ಎರಡು ವೈರಿಗೆ ನೇರ ಹಚ್ಚಿ. ಪ್ಯಾನೆಲ್ಲಿಗೆ ಏನೂ ಆಗಲ್ಲ, ಆದರೆ ಬ್ಯಾಟರಿಗೆ ಮಾತ್ರ ಹೀಗೆ ಯಾವತ್ತೂ ಹಚ್ಚಬೇಡಿ. ನಿಜವಾದ 100 ವ್ಯಾಟ್, 12 ವೋಲ್ಟಿನ ಪ್ಯಾನೆಲ್ ಆದರೆ ಮಟಮಟ ಮಧ್ಯಾಹ್ನ ಹತ್ತಿರ ಹತ್ತಿರ 6 ಆಂಪಿಯರ್ ಬರಬೇಕು. ನಮ್ಮದರಲ್ಲಿ ಬಂದದ್ದು ಎರಡೂವರೆ.

ಮೀಟರ್ ಇಲ್ಲದಿದ್ದರೆ ಟೇಪ್ ಸಾಕು. ಎಷ್ಟೇ ಒಳ್ಳೆಯ ಮೋನೋ ಆಗಲಿ, ಒಂದು ಚದರ ಅಡಿಗೆ 20 ವ್ಯಾಟ್ ಬಂದರೆ ಜಾಸ್ತಿ. ನಮ್ಮದು ಎರಡು ಅಡಿಗೆ ಒಂದೂವರೆ ಅಡಿ. ಅಷ್ಟರಲ್ಲಿ 100 ವ್ಯಾಟ್ ಎಲ್ಲಿಂದ ಬರಬೇಕು?

ಬಾಳಿಕೆಯ ಕಥೆ ಇನ್ನೂ ಕೆಟ್ಟದು. ಮೇಲಿರೋದು ಗಾಜಲ್ಲ, ಪ್ಲಾಸ್ಟಿಕ್. ಉಗುರಿನಲ್ಲಿ ಕೆರೆದರೆ ಗೆರೆ ಬೀಳುತ್ತದೆ. ಬಿಸಿಲಿಗೆ ಹಳದಿಯಾಗಿ, ಅಂಚಿನಲ್ಲಿ ಗುಳ್ಳೆ ಎದ್ದಿವೆ. ಪ್ಯಾನೆಲ್ಲಿನ ಹಿಂಬದಿ ವೈರ್ ಸೇರುವ ಡಬ್ಬಿ ಬಿಚ್ಚಿದರೆ ಒಳಗೆ ಮಳೆ ನೀರಿನ ಕಲೆ, ತಾಮ್ರದ ವೈರಿಗೆ ಹಸಿರು ತುಕ್ಕು. ರಬ್ಬರ್ ಸುತ್ತು ಹಾಕೇ ಇರಲಿಲ್ಲ.

ವಾರಂಟಿ? "ಅದು ಕಂಪನಿದು, ನಮ್ದಲ್ಲ" ಅಂದರು. ಸ್ಟಿಕರ್ ಮೇಲೆ ಕಂಪನಿಯ ವಿಳಾಸವೇ ಇಲ್ಲ! ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತಿದ್ದರೆ ಅದರ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರು ಮಾಡಿದ್ದು ಅಂತ ಅಲ್ಲೇ ಬರುತ್ತದೆ. ಪ್ಯಾನೆಲ್ಲನ್ನು ಬಿಸಿಲಿಗೆ ತಂದು ಆಂಪಿಯರ್ ತೋರಿಸೋಕೆ ಒಪ್ಪದ ಅಂಗಡಿಯಲ್ಲಿ ದುಡ್ಡು ಬಿಚ್ಚಬೇಡಿ. ಜಿಎಸ್‌ಟಿ ಬಿಲ್ಲಿನಲ್ಲಿ ವ್ಯಾಟ್ ಬರೆಸಿಕೊಳ್ಳಿ.

ನನ್ನ ಹತ್ತಿರ ಬಿಲ್ ಇದೆ, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಗಂಗಾವತಿ, ಕುಷ್ಟಗಿ ಕಡೆ ಇಂಥದ್ದೇ ತಗೊಂಡವರಿದ್ದರೆ ಪ್ಯಾನೆಲ್ಲಿನ ಅಳತೆ, ಆಂಪಿಯರ್, ಸ್ಟಿಕರಿನ ಫೋಟೋ ಹಾಕಿ.