ಬಿಸಿನೀರಿನ ಕೊಳವೆಗೆ ಕಪ್ಪು ರಬ್ಬರ್ ಕವಚ: ಮಡಿಕೇರಿಯ ಚಳಿಮಳೆಗೆ ಒಗ್ಗುತ್ತದೆಯೇ?

ಒಗ್ಗುತ್ತದೆ, ಸಂದುಗಳನ್ನು ಶ್ರದ್ಧೆಯಿಂದ ಅಂಟಿಸಿದರೆ.

ನಮ್ಮ ಮನೆಯ ಸೋಲಾರ್ ಟ್ಯಾಂಕ್ ತಾರಸಿಯ ಒಂದು ಮೂಲೆಯಲ್ಲಿದೆ, ಸ್ನಾನದ ಮನೆ ಇನ್ನೊಂದು ಮೂಲೆಯಲ್ಲಿ. ನಡುವಿನ ಕೊಳವೆ ಮಡಿಕೇರಿಯ ಗಾಳಿಗೆ ಮೈಯೊಡ್ಡಿದೆ. ಅದಕ್ಕೆ ಮೊದಲು ಹೊದಿಸಿದ್ದ ಅಗ್ಗದ ಬಿಳಿ ಫೋಮ್ ಬಿಸಿಲಿಗೆ ಪುಡಿಪುಡಿಯಾಯಿತು. ಈಗಿರುವುದು 13 ಮಿ.ಮೀ. ದಪ್ಪದ ನೈಟ್ರೈಲ್ ರಬ್ಬರ್ ಕವಚ. ಇದರೊಳಗಿನ ಗಾಳಿಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿಲ್ಲ. ಹಾಗಾಗಿ ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲೂ ನೀರು ಹೀರಿ ಊದಲಿಲ್ಲ.

ಅಳತೆಯಲ್ಲಿ ಎಚ್ಚರ ಬೇಕು. ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರಿಗೆ ಬಳಸುವ ಪ್ಲಾಸ್ಟಿಕ್) ಕೊಳವೆಯ ಹೊರವ್ಯಾಸ ಸುಮಾರು 22 ಮಿ.ಮೀ.; ಕವಚದ ಒಳವ್ಯಾಸವೂ ಅಷ್ಟೇ ಇರಬೇಕು. ಸಡಿಲವಾದರೆ ಒಳಗೆ ಗಾಳಿಯಾಡಿ ಹಾಕಿದ್ದೂ ವ್ಯರ್ಥ. ಕೊಳವೆಗೆ ತೊಡಿಸಲು ಕವಚವನ್ನು ಉದ್ದಕ್ಕೆ ಸೀಳಿದ ಅಂಚುಗಳಿಗೆ ರಬ್ಬರ್ ಅಂಟು ಸವರಿ, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಬೇಕು. ಹಸಿಯಿರುವಾಗಲೇ ಒತ್ತಿದ ಕಡೆ ಬಾಯಿ ಬಿಡುತ್ತದೆ. ಸೀಳು ಕೆಳಮುಖವಾಗಿರಲಿ. ರಬ್ಬರಿಗೂ ಬಿಸಿಲು ಆಗಿಬರುವುದಿಲ್ಲ, ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಲೇಬೇಕು. ಆ ಖರ್ಚನ್ನೂ ಲೆಕ್ಕ ಹಿಡಿಯಿರಿ.

ಫಲ ಕಣ್ಣಿಗೆ ಕಾಣುವಂತಿದೆ. ಒಬ್ಬರ ಸ್ನಾನವಾಗಿ ಅರ್ಧ ಗಂಟೆ ಬಿಟ್ಟು ಇನ್ನೊಬ್ಬರು ಹೋದರೂ ನಲ್ಲಿ ತಿರುಗಿಸಿದೊಡನೆ ಬಿಸಿನೀರು ಬರುತ್ತದೆ. ರಾತ್ರಿಯಿಡೀ ನಿಂತ ನೀರು ಮಾತ್ರ ತಣ್ಣಗಾಗಿಯೇ ಆಗುತ್ತದೆ. ಕವಚ ಬಿಸಿಯನ್ನು ಹುಟ್ಟಿಸುವುದಿಲ್ಲ, ಇರುವುದು ಬೇಗ ಆರದಂತೆ ತಡೆಯುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕೊಡಗಿನಲ್ಲಿ ಕೊಳವೆಯ ನೀರು ಹೆಪ್ಪುಗಟ್ಟುವ ಚಳಿಯಿಲ್ಲ, ಆದರೆ ನಮ್ಮ ಎಷ್ಟೋ ಮಕ್ಕಳು ಲೇಹ್, ಕಾರ್ಗಿಲ್‌ ಕಡೆಯ ಸೇನಾ ವಸತಿಗಳಲ್ಲಿದ್ದಾರೆ. ಅಲ್ಲಿ ನೀರು ಸರಬರಾಜು ನೋಡಿಕೊಂಡಿದ್ದು ನಿವೃತ್ತನಾದವನು ನಾನು. ಇದೇ ಕವಚವನ್ನು ಅಲ್ಲಿಗೂ ಕಳುಹಿಸಬಹುದೇ ಎಂದು ನೆಂಟರು ಕೇಳುತ್ತಾರೆ. ಕಳುಹಿಸಿ, 19 ಮಿ.ಮೀ. ದಪ್ಪದ್ದನ್ನೇ ಕಳುಹಿಸಿ, ಆದರೆ ಅದೊಂದನ್ನೇ ನಂಬಬೇಡಿ. ನಿಂತ ನೀರು ಅಲ್ಲಿ ಕವಚದೊಳಗೂ ಮಂಜುಗಡ್ಡೆಯಾಗುತ್ತದೆ. ಆಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡಕ್ಕೆ ಕೊಳವೆ ಒಡೆಯುತ್ತದೆ. ರಾತ್ರಿ ಕೊಳವೆಯನ್ನು ಬರಿದು ಮಾಡಬೇಕು, ಇಲ್ಲವೇ ನಲ್ಲಿಯನ್ನು ಸಣ್ಣಗೆ ಹರಿಯಬಿಡಬೇಕು. ಕರೆಂಟ್ ನೆಚ್ಚಿಕೊಳ್ಳುವಂತಿದ್ದರೆ ಕವಚದಡಿ ಬಿಸಿಯಾಗುವ ಕೇಬಲ್ ಸುತ್ತುವುದು ಎಲ್ಲಕ್ಕಿಂತ ಉತ್ತಮ. ಹೆಪ್ಪುಗಟ್ಟಿಯೇ ಬಿಟ್ಟರೆ ನಲ್ಲಿಯನ್ನು ತೆರೆದಿಟ್ಟು, ನಲ್ಲಿಯ ಕಡೆಯಿಂದ ಹಿಂದಕ್ಕೆ ಹೇರ್ ಡ್ರೈಯರ್ ಹಿಡಿಯುತ್ತಾ ಬನ್ನಿ. ಬೆಂಕಿಯ ಜ್ವಾಲೆಯನ್ನು ಮಾತ್ರ ಹತ್ತಿರ ತರಲೇಬೇಡಿ: ಕವಚ ಸುಡುತ್ತದೆ, ಪ್ಲಾಸ್ಟಿಕ್ ಕೊಳವೆ ಕರಗುತ್ತದೆ, ಮನೆಗೇ ಕಿಚ್ಚು ಹತ್ತಬಹುದು.