ಬಾಗಿಲ ಕಂಬದ ಹಳದಿ ಚೀಟಿ: ಸೆಕೆಂಡ್ ಹ್ಯಾಂಡ್ ಎಫ್-150 ಕೊಂಡು ಹತ್ತು ತಿಂಗಳು

2018ರ ಮಾದರಿಯ ಫೋರ್ಡ್ ಎಫ್-150 ಪಿಕಪ್ ಟ್ರಕ್ಕನ್ನು ನಾನು 2025ರ ಮಾರ್ಚಿನಲ್ಲಿ ಕೊಂಡೆ. ಆಗಲೇ 68,000 ಮೈಲಿ ಓಡಿದ್ದ ಗಾಡಿಗೆ 26,500 ಡಾಲರ್ ಕೊಟ್ಟೆ. ಟೆಕ್ಸಾಸ್ ರಾಜ್ಯದ ಶೇ 6.25 ಮಾರಾಟ ತೆರಿಗೆ ಅದರ ಮೇಲೆ. ಎಕ್ಸ್‌ಎಲ್‌ಟಿ ದರ್ಜೆ, ನಾಲ್ಕು ಪೂರ್ಣ ಬಾಗಿಲುಗಳ ಸೂಪರ್‌ಕ್ರೂ ಕ್ಯಾಬಿನ್, ಹಿಂದೆ ಸಾಮಾನು ಹೇರಲು ಐದೂವರೆ ಅಡಿಯ ಬೆಡ್, 3.5 ಲೀಟರ್‌ನ ಇಕೋಬೂಸ್ಟ್ ಎಂಬ ಟರ್ಬೊ ಎಂಜಿನ್, ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಚಾಲನೆ. ಈ ಹತ್ತು ತಿಂಗಳಲ್ಲಿ 10,600 ಮೈಲಿ ಓಡಿಸಿದ್ದೇನೆ. ಇದಕ್ಕೂ ಮುಂಚೆ ಐದು ವಾರ ಸುತ್ತಿ ಹದಿಮೂರು ಟ್ರಕ್ಕುಗಳನ್ನು ನೋಡಿದ್ದರಿಂದ, ಕೊಳ್ಳದೆ ಬಿಟ್ಟವುಗಳ ಬಗ್ಗೆಯೂ ಒಂದಿಷ್ಟು ಹೇಳುವುದು ನ್ಯಾಯ.

ನಮ್ಮ ಅಗತ್ಯ ಎರಡು ಬಗೆಯದು. ಆಸ್ಟಿನ್‌ನ ಉತ್ತರಕ್ಕಿರುವ ಸೀಡರ್ ಪಾರ್ಕಿನಿಂದ ನನ್ನ ಕಚೇರಿಗೆ 22 ಮೈಲಿ ದೂರ. ವಾರಕ್ಕೆ ನಾಲ್ಕು ದಿನ ಹೋಗಿಬರಬೇಕು. ತಿಂಗಳಿಗೊಮ್ಮೆ 24 ಅಡಿಯ ಟ್ರಾವೆಲ್ ಟ್ರೇಲರ್, ಅಂದರೆ ಎಳೆದೊಯ್ಯುವ ಗಾಲಿಮನೆ, ಕಟ್ಟಿಕೊಂಡು ಇಂಕ್ಸ್ ಲೇಕ್ ಅಥವಾ ಗಾರ್ನರ್ ಸ್ಟೇಟ್ ಪಾರ್ಕಿನ ಕಡೆಗೆ ಹೋಗುವ ಹವ್ಯಾಸ ಬೇರೆ. ಹಳೆಯ ಮಿನಿವ್ಯಾನ್‌ಗೆ 3,500 ಪೌಂಡ್‌ಗಿಂತ ಹೆಚ್ಚು ಎಳೆಯುವ ಶಕ್ತಿಯಿರಲಿಲ್ಲ. ವಾರಾಂತ್ಯದ ಕೆಲಸವನ್ನೊಂದೇ ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಇಲ್ಲಿ ಮುಕ್ಕಾಲು ಟನ್ನಿನದು ಎನ್ನುವ, ಇನ್ನೂ ಭಾರಿ ದರ್ಜೆಯ ಡೀಸೆಲ್ ಟ್ರಕ್ ಕೊಂಡು, ವಾರದ ನಾಲ್ಕು ದಿನ ಅದರ ಬಿರುಸು ಸಸ್ಪೆನ್ಶನ್ನಿಗೆ ಬೆನ್ನು ಕೊಡಬೇಕಾಗುತ್ತಿತ್ತು. ಕಚೇರಿಯನ್ನೊಂದೇ ನೆನೆದಿದ್ದರೆ ಟ್ರಕ್ಕೇ ಬೇಕಿರಲಿಲ್ಲ.

ಟ್ರಕ್ ಮಾರುವವರು ಮೊದಲು ಹೇಳುವ ಅಂಕಿ ಎಳೆಯುವ ತೂಕದ್ದು. ಈ ಮಾದರಿಯ ಎಫ್-150 ಗರಿಷ್ಠ 13,200 ಪೌಂಡ್ ಎಳೆಯುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಅದು 3.5 ಇಕೋಬೂಸ್ಟ್ ಎಂಜಿನ್, ಹೆಚ್ಚು ಭಾರ ಎಳೆಯಲು ಕಂಪನಿಯೇ ಜೋಡಿಸುವ ಮ್ಯಾಕ್ಸ್ ಟೋ ಪ್ಯಾಕೇಜ್, ತಕ್ಕ ಆಕ್ಸಲ್ ಅನುಪಾತ, ತಕ್ಕ ಕ್ಯಾಬಿನ್ ಎಲ್ಲವೂ ಕೂಡಿಬಂದ ಟ್ರಕ್ಕಿನ ಮಾತು. ಕುಟುಂಬ ಸಮೇತ ಹೊರಡುವವರಿಗೆ ಆ ಅಂಕಿಯಿಂದ ಹೆಚ್ಚು ಉಪಯೋಗವಿಲ್ಲ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ ಗೆರೆಯ ಟೈರ್ ಚೀಟಿಯೊಂದಿರುತ್ತದೆ; ಕುಳಿತವರು ಮತ್ತು ಹೇರಿದ ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಇಲ್ಲಿನವರು ಪೇಲೋಡ್ ಎನ್ನುವುದು ಇದನ್ನೇ. ಒಂದೇ ವರ್ಷದ, ಒಂದೇ ಹೆಸರಿನ ಎರಡು ಟ್ರಕ್ಕುಗಳಲ್ಲಿ ಈ ಸಂಖ್ಯೆ ನಾನೂರು ಪೌಂಡ್‌ಗಳಷ್ಟು ಬೇರೆಯಾಗಿದ್ದುದನ್ನು ನಾನೇ ಕಂಡೆ, ಏಕೆಂದರೆ ಗಾಜಿನ ಛಾವಣಿ, ವಿದ್ಯುತ್ ಮೆಟ್ಟಿಲು, ನಾಲ್ಕು ಚಕ್ರದ ಚಾಲನೆ ಇವೆಲ್ಲ ತಮ್ಮ ತೂಕವನ್ನು ಈ ಲೆಕ್ಕದಿಂದಲೇ ಕಳೆಯುತ್ತವೆ. ಗಾಡಿ ಹೆಚ್ಚು ಐಷಾರಾಮಿಯಾದಷ್ಟೂ ಹೊರುವ ಶಕ್ತಿ ಕಡಿಮೆ ಎಂಬುದು ಮೊದಲಿಗೆ ವಿಚಿತ್ರವಾಗಿ ತೋರಿತು.

ಟ್ರೇಲರಿಗೆ ತನ್ನದೇ ಚಕ್ರಗಳಿರುವಾಗ ಅದರ ಭಾರ ಟ್ರಕ್ಕಿನ ಮೇಲೇಕೆ ಬೀಳಬೇಕು ಎಂದು ನನ್ನ ಹೆಂಡತಿ ಕೇಳಿದಳು. ಉತ್ತರ ಊರಿನ ಎತ್ತಿನ ಗಾಡಿಯಲ್ಲಿದೆ. ಹಿಂದಕ್ಕೆ ಹೆಚ್ಚು ಹೇರಿದರೆ ಮೂಕಿ ಮೇಲೇಳುತ್ತದೆ, ಮುಂದಕ್ಕೆ ಹೇರಿದರೆ ಎತ್ತಿನ ಹೆಗಲು ಕುಸಿಯುತ್ತದೆ. ತಿಳಿದವರು ಹುಲ್ಲು ಹೇರುವಾಗ ನೊಗದ ಮೇಲೆ ತುಸು ಭಾರ ಉಳಿಯುವಂತೆ ಹೇರುತ್ತಾರೆ. ಟ್ರೇಲರಿನದೂ ಅದೇ ಲೆಕ್ಕ. ಅದರ ಒಟ್ಟು ತೂಕದ ಶೇ 10ರಿಂದ 15ರಷ್ಟು ಟ್ರಕ್ಕಿನ ಹಿಂಬದಿಯ ಕೊಂಡಿಯ, ಅಂದರೆ ಹಿಚ್ಚಿನ, ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ.

ನಮ್ಮ ಲೆಕ್ಕವನ್ನೇ ಕೊಡುತ್ತೇನೆ. ಟ್ರಕ್ ಸ್ಟಾಪಿನ ವೇ ಬ್ರಿಡ್ಜಿನಲ್ಲಿ ತೂಗಿದಾಗ, ನೀರು, ಪಾತ್ರೆ, ಹಾಸಿಗೆ ಎಲ್ಲ ತುಂಬಿದ ಟ್ರೇಲರ್ 6,100 ಪೌಂಡ್, ಅಂದರೆ ಸುಮಾರು 2,770 ಕಿಲೋ ಬಂತು. ಅದರ ಶೇ 13, ಹತ್ತಿರ ಹತ್ತಿರ 790 ಪೌಂಡ್, ಹಿಚ್ಚಿನ ಮೇಲೆ. ನಾವು ನಾಲ್ವರು ಸೇರಿ 480, ಹಿಂಬದಿಗೆ ಬೀಳುವ ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ಹಿಚ್ 85, ಬೆಡ್ಡಿನಲ್ಲಿರುವ ಜನರೇಟರ್, ಐಸ್ ಪೆಟ್ಟಿಗೆ, ಕಟ್ಟಿಗೆ 180. ಒಟ್ಟು 1,535 ಪೌಂಡ್. ನನ್ನ ಟ್ರಕ್ಕಿನ ಚೀಟಿಯಲ್ಲಿರುವುದು 1,774. ಉಳಿದದ್ದು ಇನ್ನೂರ ಚಿಲ್ಲರೆ. ಮೊದಲು ಮನಸೋತಿದ್ದ ಚರ್ಮದ ಸೀಟಿನ, ನಾಲ್ಕು ಚಕ್ರ ಚಾಲನೆಯ ಇನ್ನೊಂದು ಟ್ರಕ್ಕಿನ ಚೀಟಿಯಲ್ಲಿದ್ದುದು 1,368. ಆ ಮಾರಾಟಗಾರ, ಇದು ಬೇಕಾದರೆ ಮನೆಯನ್ನೇ ಎಳೆದೊಯ್ಯುತ್ತದೆ ಎಂದಿದ್ದ. ಎಳೆದೊಯ್ಯಬಹುದಿತ್ತೇನೋ, ಮನೆಮಂದಿಯನ್ನು ಕೆಳಗಿಳಿಸಿ.

ಈಗ ಎಂಜಿನ್ನುಗಳ ವಿಷಯ. 2018ರ ಎಫ್-150ರಲ್ಲಿ ನನಗೆ ಮುಖ್ಯವಾಗಿದ್ದವು ಮೂರು. 2.7 ಲೀಟರ್ ಇಕೋಬೂಸ್ಟ್ 325 ಅಶ್ವಶಕ್ತಿ, 400 ಪೌಂಡ್-ಅಡಿ ಟಾರ್ಕ್ ಕೊಡುತ್ತದೆ, ಮೂರರಲ್ಲಿ ಕಡಿಮೆ ಪೆಟ್ರೋಲ್ ಕುಡಿಯುವುದೂ ಅದೇ. ಟ್ರೇಲರ್ 5,000 ಪೌಂಡಿನೊಳಗಿದ್ದರೆ ನಾನು ಎರಡನೆಯ ಯೋಚನೆಯಿಲ್ಲದೆ ಅದನ್ನೇ ಕೊಳ್ಳುತ್ತಿದ್ದೆ. 5.0 ಲೀಟರ್ ವಿ8ಕ್ಕೆ ಟರ್ಬೊ ಇಲ್ಲ, 395 ಅಶ್ವಶಕ್ತಿಯಿದೆ, ಕಿವಿಗೆ ಇಂಪು. ಆದರೆ 2018ರಿಂದ ಮುಂದಿನ ಕೆಲವು ವರ್ಷಗಳ ಈ ಎಂಜಿನ್ ಆಯಿಲ್ ಹೆಚ್ಚು ಸುಡುತ್ತದೆ ಎಂಬ ದೂರು ವ್ಯಾಪಕವಾಗಿದೆ, ಕೊಳ್ಳುವವರು ಡಿಪ್‌ಸ್ಟಿಕ್ ಎಳೆದು ನೋಡದೆ ಮುಂದುವರಿಯಬಾರದು. 3.5 ಇಕೋಬೂಸ್ಟಿನ ಟಾರ್ಕ್ 470 ಪೌಂಡ್-ಅಡಿ, ಅದೂ ಕಡಿಮೆ ತಿರುಗುವಿಕೆಯಲ್ಲೇ ಸಿಗುತ್ತದೆ. ಏರಿನಲ್ಲಿ ಎಂಜಿನ್ ಅರಚದೆ ಎಳೆಯುವುದು ಇದರಿಂದ. ಮುಂದೊಂದು ದಿನ ಕೊಲರಾಡೊ ಬೆಟ್ಟಗಳಿಗೆ ಹೋಗುವ ಆಸೆಯಿರುವುದರಿಂದ, ಎತ್ತರದ ತೆಳುಗಾಳಿಯಲ್ಲೂ ಶಕ್ತಿ ಹೆಚ್ಚು ಕಳೆದುಕೊಳ್ಳದ ಟರ್ಬೊ ನನಗೆ ಹಿಡಿಸಿತು.

ಇದಕ್ಕೂ ಒಂದು ಹೆಸರಾಂತ ಕಾಯಿಲೆಯಿದೆ. 2017ರಿಂದ 2020ರವರೆಗಿನ 3.5 ಇಕೋಬೂಸ್ಟ್‌ಗಳಲ್ಲಿ ಕವಾಟಗಳು ತೆರೆಯುವ ಹೊತ್ತನ್ನು ಹೊಂದಿಸುವ ಕ್ಯಾಮ್ ಫೇಸರ್‌ಗಳು ಸವೆದರೆ, ತಣ್ಣಗಿರುವ ಎಂಜಿನ್ ಚಾಲೂ ಮಾಡಿದ ಮೊದಲ ಒಂದೆರಡು ಸೆಕೆಂಡು ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು ಬರುತ್ತದೆ. ರಿಪೇರಿ ಸಾವಿರಾರು ಡಾಲರಿನ ಮಾತು. ಬಿಸಿ ಎಂಜಿನ್ನಿನಲ್ಲಿ ಈ ಸದ್ದು ಅಡಗಿಬಿಡುವುದರಿಂದ, ಗಾಡಿ ನೋಡಲು ಹೋದಾಗ ನಾನು ಮೊದಲು ಮಾಡುತ್ತಿದ್ದ ಕೆಲಸ ಬಾನೆಟ್ಟಿನ ಮೇಲೆ ಅಂಗೈ ಇಡುವುದು. ನಿಮಗಾಗಿ ಎಸಿ ಹಾಕಿ ತಂಪು ಮಾಡಿಟ್ಟಿದ್ದೇವೆ ಎಂದು ಉಪಚರಿಸಿದ ಎರಡು ಕಡೆ ಮರುದಿನ ಬೆಳಿಗ್ಗೆ ಏಳೂವರೆಗೆ ಮತ್ತೆ ಹೋದೆ. ಒಂದು ಕಡೆ ಸದ್ದು ಬಂತು, ಇನ್ನೊಂದು ಕಡೆ ಗಾಡಿ ಆಗಲೇ ಬಿಸಿಯಾಗಿತ್ತು. ಹತ್ತು ಗೇರುಗಳ ಪೆಟ್ಟಿಗೆಯನ್ನೂ ಹಾಗೆಯೇ, ಹೆದ್ದಾರಿಯಲ್ಲಲ್ಲ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಸಂಚಾರದಲ್ಲಿ ಪರೀಕ್ಷಿಸಬೇಕು. ಕೆಳಗಿನ ಗೇರುಗಳು ಬದಲಾಗುವಾಗ ಬೆನ್ನಿಗೆ ಗುದ್ದಿದಂತಾದರೆ ಆ ಗಾಡಿ ಬೇಡ.

ಉಳಿದ ಕಂಪನಿಗಳ ಟ್ರಕ್ಕುಗಳನ್ನು ಕಡೆಗಣಿಸಿ ಇದನ್ನು ಕೊಂಡದ್ದಲ್ಲ. ಟೊಯೋಟಾ ಟಂಡ್ರಾದ 2021ರವರೆಗಿನ 5.7 ಲೀಟರ್ ವಿ8 ಗಟ್ಟಿತನಕ್ಕೆ ಹೆಸರಾದದ್ದು, ಆದರೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಲ್ಲೇ ಅದರ ಮೈಲೇಜ್ ನಗರದಲ್ಲಿ ಗ್ಯಾಲನ್ನಿಗೆ 13, ಹೆದ್ದಾರಿಯಲ್ಲಿ 17 ಮೈಲಿ. ಹಳೆಯದಾದರೂ ಬೆಲೆ ಇಳಿಯದ ಆ ಗಾಡಿ ನನ್ನ ನಿತ್ಯದ 44 ಮೈಲಿಗೆ ಒಗ್ಗಲಿಲ್ಲ. ರ‍್ಯಾಮ್ 1500ರ ಹಿಂಬದಿಯಲ್ಲಿ ಪಟ್ಟಿಯ ಬದಲು ಸುರುಳಿ ಸ್ಪ್ರಿಂಗ್ ಇರುವುದರಿಂದ ಸವಾರಿಯ ಸುಖದಲ್ಲಿ ಅದಕ್ಕೆ ಸಾಟಿಯಿಲ್ಲ, ಒಳಾಂಗಣವೂ ಚೆಂದ. ಕಚೇರಿಯ ಓಡಾಟವೇ ಮುಖ್ಯವಾಗಿ, ಟ್ರೇಲರ್ ಹಗುರವಾಗಿದ್ದರೆ ಅದನ್ನೇ ಆರಿಸಿ ಎನ್ನುತ್ತೇನೆ. ನಾನು ನೋಡಿದ ಮೂರರ ಪೇಲೋಡ್ ಚೀಟಿಯೂ 1,400 ದಾಟಿರಲಿಲ್ಲ. ಶೆವರ್ಲೆ ಸಿಲ್ವೆರಾಡೊದ 5.3 ವಿ8ರಲ್ಲಿ ಇಂಧನ ಉಳಿಸಲು ಕೆಲವು ಸಿಲಿಂಡರುಗಳನ್ನು ಆಗಾಗ ನಿಲ್ಲಿಸುವ ವ್ಯವಸ್ಥೆಯಿದೆ. ಅದರಲ್ಲಿ ಕವಾಟಗಳನ್ನು ಎತ್ತುವ ಲಿಫ್ಟರ್‌ಗಳು ಕೈಕೊಡುವ ಕಥೆ ಮೆಕ್ಯಾನಿಕ್‌ಗಳ ಬಾಯಲ್ಲಿ ಹಳತಾಗಿದೆ. ಅದೇ ಕಂಪನಿಯ 6.2 ಲೀಟರ್ ವಿ8 ಇರುವ 2021ರಿಂದ 2024ರವರೆಗಿನ ಸುಮಾರು 6 ಲಕ್ಷ ಗಾಡಿಗಳನ್ನು ಕ್ರ್ಯಾಂಕ್‌ಶಾಫ್ಟ್ ಮತ್ತು ಕನೆಕ್ಟಿಂಗ್ ರಾಡ್ ದೋಷಕ್ಕಾಗಿ 2025ರ ಏಪ್ರಿಲಿನಲ್ಲಿ ಹಿಂದಕ್ಕೆ ಕರೆಯಲಾಯಿತು. ಯಾವುದೇ ಟ್ರಕ್ ಇರಲಿ, ನಮ್ಮಲ್ಲಿ ಚಾಸಿಸ್ ನಂಬರ್ ಎನ್ನುವ, ಇಲ್ಲಿ ವಿನ್ ಎಂದು ಕರೆಯುವ 17 ಅಕ್ಷರಗಳ ಸಂಖ್ಯೆಯನ್ನು ಕೇಂದ್ರ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಜಾಲತಾಣದಲ್ಲಿ ಹಾಕಿದರೆ ಬಾಕಿಯಿರುವ ರಿಕಾಲ್‌ಗಳು ಉಚಿತವಾಗಿ ತಿಳಿಯುತ್ತವೆ.

ಆ ಸಂಖ್ಯೆಯ ಎಂಟನೆಯ ಅಕ್ಷರ ಎಂಜಿನ್ ಯಾವುದೆಂದು ಹೇಳುತ್ತದೆ. ಇದನ್ನು ಕಲಿತದ್ದು ಒಂದು ಪೇಚಿನ ನಂತರ. 3.5 ಎಂಜಿನ್, ಪೂರ್ತಿ ಟೋ ಪ್ಯಾಕೇಜ್ ಎಂದು ಜಾಹೀರಾತಿನಲ್ಲಿ ಬರೆದಿದ್ದ ಡೀಲರೊಬ್ಬರ ಬಳಿಗೆ 90 ಮೈಲಿ ಹೋದೆ. ಅಲ್ಲಿದ್ದುದು 2.7, ಟೋ ಪ್ಯಾಕೇಜ್ ಎಂದರೆ ಯಾರೋ ಹೊರಗಿನಿಂದ ತಂದು ಬಿಗಿದ ಹಿಚ್ ಮತ್ತು ನಾಲ್ಕು ಪಿನ್ನಿನ ದೀಪದ ತಂತಿ. ಟ್ರೇಲರಿನ ವಿದ್ಯುತ್ ಬ್ರೇಕ್ ನಡೆಯಲು ಏಳು ಪಿನ್ನಿನ ಸಾಕೆಟ್ ಬೇಕು, ಡ್ಯಾಶ್‌ಬೋರ್ಡಿನಲ್ಲಿ ಬ್ರೇಕ್ ಕಂಟ್ರೋಲರ್ ಇದ್ದರೆ ಇನ್ನೂ ಒಳ್ಳೆಯದು. ಟೆಕ್ಸಾಸಿನಲ್ಲಿ 4,500 ಪೌಂಡ್ ಮೀರಿದ ಟ್ರೇಲರಿಗೆ ಅದರದೇ ಬ್ರೇಕ್ ಕಡ್ಡಾಯ. ತಪ್ಪನ್ನು ತೋರಿಸಿದಾಗ, ಜಾಹೀರಾತನ್ನು ಕಂಪ್ಯೂಟರ್ ತಾನೇ ಬರೆಯುತ್ತದೆ ಎಂಬ ಉತ್ತರ ಬಂತು.

ಹಳೆಯ ಗಾಡಿಯಲ್ಲಿ ನೋಡಬೇಕಾದ ಉಳಿದ ಸಂಗತಿಗಳು ಇಷ್ಟೇ. ಈ ಪೀಳಿಗೆಯ ಎಫ್-150ರ ಮೈ ಅಲ್ಯುಮಿನಿಯಮ್ಮಿನದು, ತುಕ್ಕು ಹಿಡಿಯುವುದಿಲ್ಲ; ಆದರೆ ಕೆಳಗಿನ ಚೌಕಟ್ಟು ಉಕ್ಕಿನದೇ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವ ಉತ್ತರದ ರಾಜ್ಯಗಳಿಂದ ಬಂದ ಗಾಡಿಯಾದರೆ ಬಗ್ಗಿ ನೋಡಲೇಬೇಕು. ಪ್ರವಾಹದಲ್ಲಿ ಮುಳುಗಿದ ಗಾಡಿಗಳೂ ತೊಳೆಸಿಕೊಂಡು ಮಾರುಕಟ್ಟೆಗೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ ಅಲ್ಲಿ ಸಿಗುತ್ತದೆ. 2025ರ ಜನವರಿಯಿಂದ ಟೆಕ್ಸಾಸಿನಲ್ಲಿ ಖಾಸಗಿ ಗಾಡಿಗಳಿಗೆ ವಾರ್ಷಿಕ ಸುರಕ್ಷತಾ ತಪಾಸಣೆಯೇ ಇಲ್ಲವಾದ್ದರಿಂದ, ನಮ್ಮದೇ ಮೆಕ್ಯಾನಿಕ್‌ಗೆ ತೋರಿಸುವುದು ಅನಿವಾರ್ಯ. ಹಾಗೆ ತೋರಿಸಲು ಒಪ್ಪದ ಒಂದು ಅಂಗಡಿಯಿಂದ ನಾನು ಮಾತು ಮುಗಿಸಿ ಬಂದೆ.

ಕಚೇರಿಯ ಓಡಾಟದಲ್ಲಿ ಈ ಟ್ರಕ್ ನಿರೀಕ್ಷೆಗಿಂತ ಸೌಮ್ಯ. ಖಾಲಿಯಿದ್ದಾಗ ಹಿಂಬದಿ ಸ್ವಲ್ಪ ಕುಣಿಯುವುದು ಬಿಟ್ಟರೆ ದೊಡ್ಡ ಕಾರಿನಂತೆಯೇ ಸಾಗುತ್ತದೆ. ಎತ್ತರದ ಸೀಟಿನಿಂದ ಟ್ರಾಫಿಕ್ಕಿನ ತುದಿಯವರೆಗೂ ಕಾಣುತ್ತದೆ. ನಾನು ಪ್ರತಿ ಸಲ ಬಂಕಿನಲ್ಲಿ ಬರೆದಿಟ್ಟ ಲೆಕ್ಕದಂತೆ ಸರಾಸರಿ ಗ್ಯಾಲನ್ನಿಗೆ 18.6 ಮೈಲಿ. ತೊಂದರೆಯಿರುವುದು ನಿಲ್ಲಿಸುವಲ್ಲಿ. ಇದರ ಉದ್ದ ಸುಮಾರು 232 ಇಂಚು, ನಮ್ಮ ಗ್ಯಾರೇಜಿನದು 240. ಮಕ್ಕಳ ಸೈಕಲ್ಲು, ಅಕ್ಕಿ ಮೂಟೆ, ಹಳೆಯ ಶೂ ಕಪಾಟು ಎಲ್ಲಕ್ಕೂ ಬೇರೆ ಜಾಗ ನೋಡಬೇಕಾಯಿತು. ಯುಗಾದಿಯ ದಿನ ದೇವಸ್ಥಾನದ ಪಾರ್ಕಿಂಗಿನಲ್ಲಿ ಮೂರು ಸುತ್ತು ಹೊಡೆದು ಕೊನೆಗೆ ಹುಲ್ಲಿನ ಮೇಲೆ ನಿಲ್ಲಿಸಿದೆ. ಇನ್ನೊಂದು, ಪಿಕಪ್ ಇದೆ ಎಂದು ಗೊತ್ತಾದ ಮೇಲೆ ಕನ್ನಡ ಸಂಘದವರ ರಾಜ್ಯೋತ್ಸವದ ಕುರ್ಚಿ, ಸ್ಪೀಕರ್, ಬಿಸಿಬೇಳೆಬಾತಿನ ಹಂಡೆ ಎಲ್ಲಕ್ಕೂ ಮೊದಲ ಫೋನ್ ನನಗೇ ಬರುತ್ತದೆ.

ಎಳೆಯುವಾಗಿನ ನಡತೆಗೆ ಪೂರ್ಣ ಅಂಕ ಕೊಡುತ್ತೇನೆ, ಒಂದು ಷರತ್ತಿನೊಂದಿಗೆ. ಭಾರ ಹಂಚುವ ಹಿಚ್ ಇಲ್ಲದೆ ಈ ಟ್ರಕ್ಕಿನ ಮಿತಿ 5,000 ಪೌಂಡ್ ಮಾತ್ರ. ಹಿಚ್ಚಿನ ಮೇಲಿನ ಚೀಟಿಯಲ್ಲೇ ಅದು ಬರೆದಿದೆ. ಆ ಹಿಚ್ ಸರಿಯಾಗಿ ಹೊಂದಿಸದೆ ಹೋದ ಮೊದಲ ಸಲ ಟ್ರಕ್ಕಿನ ಮೂತಿ ಮೇಲೆದ್ದು, ಸ್ಟಿಯರಿಂಗ್ ಹಗುರಾಗಿ, 40 ಮೈಲಿ ದಾರಿಯುದ್ದಕ್ಕೂ ಅಂಗೈ ಬೆವರಿತ್ತು. ಅದು ನನ್ನದೇ ತಪ್ಪು. ಹೊಂದಿಸಿದ ನಂತರ ಟೆಕ್ಸಾಸಿನ ಗುಡ್ಡಗಾಡಾದ ಹಿಲ್ ಕಂಟ್ರಿಯ ಏರಿಳಿತಗಳಲ್ಲಿ ಗಂಟೆಗೆ 62 ಮೈಲಿ ವೇಗವನ್ನು ಕಷ್ಟವಿಲ್ಲದೆ ಕಾಯ್ದುಕೊಳ್ಳುತ್ತದೆ. ಇಳಿಜಾರಿನಲ್ಲಿ, ಎಳೆಯುವಾಗ ಹಾಕುವ ಟೋ ಮೋಡ್ ತಾನೇ ಗೇರ್ ಇಳಿಸಿ ಬ್ರೇಕಿನ ಕೆಲಸ ಕಡಿಮೆ ಮಾಡುತ್ತದೆ. ಮೈಲೇಜ್ ಮಾತ್ರ 9.5ಕ್ಕೆ ಬೀಳುತ್ತದೆ. ಗೋಡೆಯಂಥ ಟ್ರೇಲರಿನ ಮುಖ ಗಾಳಿಗೆ ಎದುರಾದಾಗ ಯಾವ ಪೆಟ್ರೋಲ್ ಟ್ರಕ್ಕಿನದೂ ಇದೇ ಹಾಡು. ಅದಕ್ಕಾಗಿಯೇ 23 ಗ್ಯಾಲನ್ನಿನ ಸಾಮಾನ್ಯ ಟ್ಯಾಂಕಿನ ಬದಲು 36 ಗ್ಯಾಲನ್ನಿನದು ಇರುವ ಗಾಡಿ ಹುಡುಕಿದ್ದೆ. ಟ್ರೇಲರ್ ಸಮೇತ ಬಂಕಿಗೆ ನುಗ್ಗಿ ತಿರುಗಿಸುವ ಕಷ್ಟ ಕಂಡವರಿಗೆ ಅದರ ಬೆಲೆ ಗೊತ್ತು, ಮಕ್ಕಳ ಶೌಚಕ್ಕಾಗಿ 120 ಮೈಲಿಗೊಮ್ಮೆ ಹೇಗೂ ನಿಲ್ಲಲೇಬೇಕಾದರೂ.

ನಾಲ್ಕು ಚಕ್ರದ ಚಾಲನೆ ಇಲ್ಲದ್ದು ಒಮ್ಮೆ ಮಾತ್ರ ಕಾಡಿತು, ಮಳೆಗೆ ನೆನೆದ ಹುಲ್ಲಿನ ಕ್ಯಾಂಪಿನಲ್ಲಿ ಹಿಂಚಕ್ರ ಜಾರಿದಾಗ. ಪಕ್ಕದ ಕ್ಯಾಂಪಿನವರು ಹಲಗೆ ಕೊಟ್ಟರು. ದೋಣಿಯನ್ನು ನೀರಿಗಿಳಿಸುವವರು, ಹಿಮ ಬೀಳುವ ಕಡೆಯವರು ಇದನ್ನು ಅನುಸರಿಸಬೇಡಿ. ಗಾಡಿಯ ಜೊತೆ ಬಂದ ಟೈರುಗಳು ಕಾರಿನ ಬಗೆಯವು, ಪಕ್ಕದ ಗೋಡೆ ಮೆತ್ತಗಿನವು. ಟ್ರೇಲರ್ ಕಟ್ಟಿದಾಗ ಆ ಮೆದುತನ ಸ್ಟಿಯರಿಂಗಿನಲ್ಲಿ ತಿಳಿಯುತ್ತದೆ. ಇನ್ನು ಐದಾರು ಸಾವಿರ ಮೈಲಿಗೆ ಅವು ಸವೆಯುತ್ತವೆ. ಆಗ ಟ್ರಕ್ಕಿನ ಗಟ್ಟಿ ಟೈರ್ ಹಾಕಿಸಿದರೆ ಕಚೇರಿ ದಾರಿಯಲ್ಲಿ ಎಷ್ಟು ಕುಲುಕುತ್ತದೆ ಎಂಬುದನ್ನು ತಿಳಿಯಲು, ಅಂಥದ್ದೇ ಟೈರ್ ಹಾಕಿಸಿರುವ ನೆರೆಮನೆಯವರ ಟ್ರಕ್ಕನ್ನು ಒಂದು ದಿನದ ಮಟ್ಟಿಗೆ ಕೇಳಿದ್ದೇನೆ.