ಳ ಅನ್ನುವಾಗ ನಾಲಿಗೆ ಎಲ್ಲಿಗೆ ಹೋಗುತ್ತೆ: ಯುಎಸ್‌ಸಿ ಎಮ್‌ಆರ್‌ಐ ಚಾರ್ಟ್ ರಿವ್ಯೂ

ವಿದೇಶದಲ್ಲಿ ವೀಕೆಂಡ್ ಕನ್ನಡ ಕ್ಲಾಸ್ ತಗೊಳ್ಳೋರು, ಮನೇಲಿ ಮಕ್ಕಳು ಮಳೆನ ಮಲೆ ಅಂತಿದ್ರೆ ಅಪ್ಪ ಅಮ್ಮಂದಿರು, ಇದನ್ನ ಒಂದ್ಸಲ ನೋಡಿ. ಲಾಸ್ ಏಂಜಲೀಸ್‌ನ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದವ್ರು (ಯುಎಸ್‌ಸಿ) ಫ್ರೀಯಾಗಿ ಇಟ್ಟಿರೋ ಐಪಿಎ ಚಾರ್ಟ್, ಅಂದ್ರೆ ಭಾಷೆಗಳ ಧ್ವನಿಗಳಿಗೆ ಒಂದೊಂದು ಚಿಹ್ನೆ ಕೊಟ್ಟಿರೋ ಅಂತರರಾಷ್ಟ್ರೀಯ ಪಟ್ಟಿ. ಯಾವ್ದಾದ್ರೂ ಚಿಹ್ನೆ ಒತ್ತಿದ್ರೆ ಧ್ವನಿವಿಜ್ಞಾನ ಓದಿರೋರು ಆ ಧ್ವನಿ ಹೇಳೋ ಎಮ್‌ಆರ್‌ಐ ವಿಡಿಯೋ ಸೌಂಡ್ ಸಮೇತ ಓಡುತ್ತೆ, ತುಟಿ, ನಾಲಿಗೆ, ಕಿರುನಾಲಿಗೆ, ಗಂಟಲು ಎಲ್ಲಾ ಪಕ್ಕದಿಂದ ಕಾಣುತ್ತೆ.

ಮಾಮೂಲಿ ಎಮ್‌ಆರ್‌ಐನಲ್ಲಿ ಅಲ್ಲಾಡ್ಬೇಡಿ ಅಂತಾರಲ್ಲ, ಇಲ್ಲಿ ಅಲ್ಲಾಡೋದನ್ನೇ ಹಿಡೀಬೇಕು, ಅದಕ್ಕೆ ಪ್ರತಿ ಫ್ರೇಮಿಗೂ ಪೂರ್ತಿ ಡೇಟಾ ತಗೊಳ್ದೆ ಸ್ವಲ್ಪ ತಗೊಂಡು ಮಿಕ್ಕಿದ್ದನ್ನ ಕಂಪ್ಯೂಟರ್ ಲೆಕ್ಕ ಹಾಕಿ ತುಂಬುತ್ತೆ. ಜರ್ಮನಿಯ ಗಟಿಂಗೆನ್‌ನಲ್ಲಿ ಯೆನ್ಸ್ ಫ್ರಾಮ್ ತಂಡ 2010ರಲ್ಲೇ ಫ್ರೇಮಿಗೆ 20 ಮಿಲಿಸೆಕೆಂಡ್‌ವರೆಗೂ ಇಳಿಸಿತ್ತು, ಉಸಿರು ಹಿಡಿಸದೇನೆ ಹೃದಯ ಬಡಿಯೋದು ಕಾಣ್ತು. ಈ ಯುಎಸ್‌ಸಿಯವ್ರು 2021ರಲ್ಲಿ 75 ಜನರ ಮಾತಿನ ಡೇಟಾಸೆಟ್ಟೂ ಬಿಟ್ಟಿದಾರೆ, ಅದ್ರಲ್ಲಿ ಸೆಕೆಂಡಿಗೆ 83 ಫ್ರೇಮ್.

ಸರಿ, ನಮ್ಮ ಳಗೆ ಬರೋಣ. ಕಾದ ಎಣ್ಣೆಗೆ ಬಿದ್ದ ಹಪ್ಪಳದ ಅಂಚಿನ ಥರ ನಾಲಿಗೆ ತುದಿ ಹಿಂದಕ್ಕೆ ಸುರುಳಿಯಾಗಿ ಬಾಯಿಯ ಅಂಗಳಕ್ಕೆ ತಾಗಿ ಆಮೇಲೆ ಮುಂದಕ್ಕೆ ಬೀಳುತ್ತೆ, "ನಾಲಿಗೆ ಮಡಚು ಪುಟ್ಟಾ" ಅಂತ ಬಾಯಲ್ಲಿ ಎಷ್ಟು ಹೇಳಿದ್ರೂ ಅರ್ಥ ಆಗದ್ದು ಇದ್ರಲ್ಲಿ ಒಂದೇ ನೋಟಕ್ಕೆ ಆಗುತ್ತೆ. ಣ ಇನ್ನೂ ಚೆನ್ನಾಗಿದೆ, ಮಡಚೋದರ ಜೊತೆಗೆ ಕಿರುನಾಲಿಗೆ ಕಡೆಯ ಮೆತ್ತನೆ ಭಾಗ ಕೆಳಗಿಳಿದು ಮೂಗಿನ ದಾರಿ ತೆರ್ಕೊಳ್ಳೋದು ಕಾಣುತ್ತೆ.

ಆದ್ರೆ ಎಲ್ಲಕ್ಕೂ ಇದೇ ಸಾಕು ಅಂದ್ಕೋಬೇಡಿ. ಕಾಣೋದು ತಲೆಯ ನಟ್ಟನಡುವಿನ ಒಂದೇ ಸ್ಲೈಸ್. ಳ, ಲ ಎರಡರಲ್ಲೂ ಗಾಳಿ ಹೋಗೋದು ನಾಲಿಗೆಯ ಅಕ್ಕಪಕ್ಕದಿಂದ, ಅದು ಈ ಸ್ಲೈಸಲ್ಲಿ ಇಲ್ವೇ ಇಲ್ಲ, ಹಾಗಾಗಿ ಡ ಮತ್ತು ಳ ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ (ಮಕ್ಕಳು ಇದನ್ನೇ ಮೊದ್ಲು ಕೇಳ್ತಾರೆ, ರೆಡಿ ಇರಿ). ಹಲ್ಲೂ ಕಾಣಲ್ಲ, ಎಮ್‌ಆರ್‌ಐ ಸಿಗ್ನಲ್ ಮುಖ್ಯವಾಗಿ ನೀರು ಕೊಬ್ಬಿನ ಹೈಡ್ರೋಜನ್‌ದು, ಗಟ್ಟಿ ಹಲ್ಲು ಬರೀ ಕಪ್ಪು. ತ, ದ ಕಲಿಸೋಕೆ ಹೋದ್ರೆ ನಾಲಿಗೆ ಯಾವ್ದಕ್ಕೆ ತಾಗ್ತಿದೆ ಅಂತ ನೀವೇ ಹೇಳ್ಬೇಕು. ಮೇಲಾಗಿ ಹೇಳೋರು ಅಂಗಾತ ಮಲಗಿರ್ತಾರೆ, ನಾಲಿಗೆ ಕೊಂಚ ಗಂಟಲ ಕಡೆ ಜಾರಿರುತ್ತೆ. ಮಷಿನ್ ಗಲಾಟೆ ಕಳೆದು ತೆಗ್ದಿರೋ ಆಡಿಯೋ ಅಲ್ವಾ, ದನಿ ಸಹಜವಾಗಿ ಕೇಳಲ್ಲ, ಉಚ್ಚಾರಣೆಗೆ ಕಿವಿ ಅಜ್ಜಿ ಕಡೆಗೇ ಇರ್ಲಿ.

ಟ, ಡ, ಣ, ಳಗೆ ಐದಕ್ಕೆ ಐದು ಕೊಡ್ತೀನಿ. ಮಹಾಪ್ರಾಣಕ್ಕೆ ಇದನ್ನ ತೆಗೀಲೇಬೇಡಿ, ಬಾಯಿ ಮುಂದೆ ಅಂಗೈ ಇಟ್ಟು ಖ, ಭ ಹೇಳಿಸಿ.